ಆಷಾಢದ ಆರ್ಡರ್

ಅತ್ತೆಯ ಮೊಳ ನನ್ನದಕ್ಕಿಂತ ಎರಡು ಬೆರಳು ಉದ್ದ.
ಅವರು ಹೋಗಿ ಒಂಬತ್ತು ವರ್ಷವಾದರೂ
ಕಟ್ಟಿನಕೆರೆ ಮಾರ್ಕೆಟ್ಟಿನ ಹಳೇ ಗಿರಾಕಿಗಳು
ನನ್ನ ಮೊಣಕೈಯನ್ನು ಅನುಮಾನದಿಂದಲೇ ನೋಡುತ್ತಾರೆ.
ಒಂದು ಗೇಣು ಕೊಸರು ಹಾಕಿ ಬಾಯಿ ಮುಚ್ಚಿಸುತ್ತೇನೆ.

ಬರೀ ಮೊಳದ ಹೂವಾದರೆ ಸರಿ.
ಈಗ ಮದುವೆಯವರು ಮೊಬೈಲು ಮುಂದೆ ಹಿಡಿಯುತ್ತಾರೆ:
"ಅಕ್ಕಾ, ಇದೇ ಥರ. ಇದೇ ಬಣ್ಣ."
ಯಾವ ದೇಶದ್ದೋ ಹೂವು, ಯಾವ ತಿಂಗಳದ್ದೋ ಬಿಸಿಲು.
ನಾನು ಪಂಚಾಂಗ ತೆಗೆಯುತ್ತೇನೆ,
ಮುಹೂರ್ತ ನೋಡುವುದಕ್ಕಲ್ಲ.
ಮಾಘದ ಮಂಜಿಗೆ ಕಾಕಡ ಮೊಗ್ಗಲ್ಲೇ ಮುನಿಸಿಕೊಂಡಿರುತ್ತೆ.
ವೈಶಾಖದಲ್ಲಿ ಮಲ್ಲಿಗೆ ಸೇರುಗಟ್ಟಲೆ;
ಆದರೆ ಹತ್ತರ ಲಗ್ನಕ್ಕೆ ಎಂಟಕ್ಕೇ ಅರಳಿ ಕೂತುಬಿಡುತ್ತೆ
ಅವಸರದ ಬೀಗಿತ್ತಿಯ ಹಾಗೆ.
ಕಾರ್ತಿಕದ ಚೆಂಡುಹೂವೊಂದೇ ನಂಬಿಕಸ್ಥ:
ಮಾರನೆ ದಿನ ಛತ್ರದವರು ಗುಡಿಸುವಾಗಲೂ
ಪೊರಕೆಯ ಮುಂದೆ ಕೆಂಪಗೆ ಉರುಳುತ್ತೆ.

ವರ್ಷಕ್ಕೊಮ್ಮೆ ಬಾಗಿಲು ತೆಗೆವ ಹಾಸನಾಂಬೆಯ ಗುಡಿಯಲ್ಲಿ
ಮುಡಿಸಿದ ಹೂವು ಬಾಡುವುದಿಲ್ಲ ಅಂತಾರೆ.
ಅಷ್ಟು ಆಯಸ್ಸು ಕೇಳಲ್ಲ ತಾಯೀ,
ಫೋಟೋದವನು ಊಟಕ್ಕೆ ಏಳುವವರೆಗೆ ಸಾಕು.

ಆಷಾಢ ಬಂದರೆ ಕತ್ತರಿಗೆ ಎಣ್ಣೆ,
ಮಂಟಪದ ಕಂಬಗಳಿಗೆ ಉಪ್ಪುಕಾಗದ.
ಅಂಥ ಒಂದು ಮಂಗಳವಾರ, ಜಿಟಿಜಿಟಿಯಲ್ಲಿ
ಒಂದೇ ಕೊಡೆಯಲ್ಲಿ ಇಬ್ಬರು ಬಂದರು.
ಲೀಲಾಕ್ಷಿ, ದೊಡ್ಡಾಸ್ಪತ್ರೆಯ ನರ್ಸು;
ನನ್ನ ಎರಡನೇ ಹೆರಿಗೆಯಲ್ಲಿ ಬೈದವಳು, ಕೈ ಬಿಡದವಳು.
ಅವನು ತಿಮ್ಮರಾಯಿ, ಬಸ್ ಡಿಪೋದ ಮೆಕ್ಯಾನಿಕ್ಕು,
ಉಗುರಿನ ಸಂದಿಯ ಗ್ರೀಸು ಯಾವ ಸೋಪಿಗೂ ಹೋಗದ್ದು.
ಇಬ್ಬರಿಗೂ ಐವತ್ತರ ಆಚೆ ಈಚೆ.

"ಶುಕ್ರವಾರ ರಿಜಿಸ್ಟ್ರಾರ್ ಆಫೀಸು. ಒಂದು ಬೊಕೆ ಸಾಕು.
ಹಾರ ಬೇಡ, ಅದರ ಭಾರ ಒಂದು ಸಲ ಹೊತ್ತಾಗಿದೆ."
"ಆಷಾಢದಲ್ಲಾ ಸಿಸ್ಟರ್?"
"ಅತ್ತೆ ಸೊಸೆ ಒಂದೇ ಬಾಗಿಲು ದಾಟಬಾರದು, ಅಷ್ಟೇ ತಾನೆ?
ನನಗೆಲ್ಲಿಯ ಅತ್ತೆ!" ನಕ್ಕಳು.
ಅವನು ಕೊಡೆಯ ನೀರನ್ನು ನನ್ನ ಹೂವಿನ ಮೇಲೆ ಬೀಳದಂತೆ
ಆ ಕಡೆ ತಿರುಗಿ ಒದರಿದ.

ಆ ವಾರ ಸಿಕ್ಕಿದ್ದು ಮಳೆ ತಿಂದ ಗುಲಾಬಿ,
ಡಬ್ಬದಲ್ಲಿ ಬಂದ ಜರ್ಬೆರಾ,
ಕತ್ತು ನಿಲ್ಲಲೆಂದು ಸ್ಟ್ರಾ ತೊಡಿಸಿಕೊಂಡದ್ದು.
ಅವಳ ಕೈಗೆ ಅದನ್ನಿಡಲು ಮನಸ್ಸಾಗಲಿಲ್ಲ.

ಗುರುವಾರ ಸಂಜೆ ಸೀಗೆ ಕಡೆ, ಮೈದುನನ ಆಲೂಗೆಡ್ಡೆ ಹೊಲ.
ಸಾಲು ಸಾಲಿಗೂ ಹೂವು:
ಬಿಳಿ, ಅಲ್ಲಲ್ಲಿ ನಸುನೇರಳೆ, ನಡುವೆ ಹಳದಿ ಮೂತಿ.
ಹುಟ್ಟಿದಾಗಿಂದ ನೋಡಿದ್ದೇನೆ, ಹೂವೆಂದು ಎಣಿಸಿರಲಿಲ್ಲ.
ದೇವರಿಗೆ ಏರದ್ದು, ಮುಡಿಗೆ ಹತ್ತದ್ದು,
ಮಾರ್ಕೆಟ್ಟಿನಲ್ಲಿ ಯಾರೂ ಕೂಗದ್ದು.
"ಕಿತ್ಕೊಳ್ಳಿ ಅತ್ಗೆ, ಹೂ ಕಿತ್ರೆ ಗೆಡ್ಡೆಗೇ ಒಳ್ಳೇದು,"
ಎಂದ ಮೈದುನ, ಅಂಗಮಾರಿ ಔಷಧಿ ಕಲಕುತ್ತ.

ಹಸಿರು ಸ್ಪಂಜಿಗೆ ಚುಚ್ಚಿದರೆ ತೊಟ್ಟು ಮುರಿಯಿತು.
ಎರಡು, ಮೂರು, ಏಳು ಮುರಿದವು.
ಸ್ಪಂಜು ಎಸೆದೆ. ಬಾಳೆನಾರು ನೆನೆಸಿದೆ,
ಅತ್ತೆ ಹೇಳಿದ ಹಾಗೆ ಉಸಿರಾಡುವಷ್ಟೇ ಬಿಗಿದೆ.
ಆ ಹೂವಿಗೆ ಹೇಳಿಕೊಳ್ಳುವ ವಾಸನೆಯಿಲ್ಲ; ಸುತ್ತ ಮರುಗ ಇಟ್ಟೆ.
ಸೊಪ್ಪಿನವಳು ಬಲಿತದ್ದೆಂದು ಬಿಸಾಕಿದ್ದ ಸಬ್ಬಸಿಗೆ
ಹೂಬಿಟ್ಟು ಹಳದಿ ಜಾಲರಿಯಾಗಿತ್ತು; ಅಂಚಿಗೆ ಅದು.
ರಾತ್ರಿಯೆಲ್ಲ ಒದ್ದೆ ಪಂಚೆ ಹೊದಿಸಿ
ನಾಲ್ಕು ಸಲ ಎದ್ದು ನೋಡಿದೆ. ಗಂಡ ನಕ್ಕ.

ಆಫೀಸಿನಲ್ಲಿ ಗುಮಾಸ್ತ ಕೇಳಿದ, "ಇದ್ಯಾವ ಫಾರಿನ್ ಹೂವು?"
ತಿಮ್ಮರಾಯಿ ಒಮ್ಮೆ ಬೊಕೆ, ಒಮ್ಮೆ ನನ್ನ ಮುಖ ನೋಡಿದ.
ಗುರುತು ಹಿಡಿದಿದ್ದ. ಬಾಯಿ ಬಿಡಲಿಲ್ಲ.
ಸಹಿ ಹಾಕುವಾಗ ಲೀಲಾಕ್ಷಿ ಅದನ್ನು ಅವನ ಕೈಗಿಟ್ಟಳು;
ಸ್ಪ್ಯಾನರ್ ಹಿಡಿವ ಕೈ, ಹೆಬ್ಬೆರಳು ನಾರಿನ ಗಂಟಿನ ಮೇಲೆ,
ಕೂಸಿನ ಕತ್ತಿಗೆ ಆಸರೆ ಕೊಟ್ಟ ಹಾಗೆ.

ರಾತ್ರಿ ಪಾಳಿಗೆ ಹೋದವಳು ಫೋನು ಮಾಡಿದಳು:
"ನಿನ್ನ ಹೂವನ್ನ ಸೆಲೈನ್ ಬಾಟಲಿಯಲ್ಲಿಟ್ಟಿದ್ದೇನೆ.
ಅರ್ಧ ತಲೆ ಬಗ್ಗಿಸಿವೆ, ಅರ್ಧಕ್ಕೆ ಇನ್ನೂ ಹಟ."

ನನ್ನ ಲೆಕ್ಕದ ಪುಸ್ತಕದಲ್ಲಿ ಆಷಾಢದ ಹಾಳೆ
ಪ್ರತಿ ವರ್ಷ ಖಾಲಿ. ಈ ಸಲ ಒಂದು ಸಾಲು:
ಆಲೂಗೆಡ್ಡೆ ಹೂ, ಮರುಗ, ನಾರು. ಮುನ್ನೂರು ಬಂದಿದೆ.
ಇನ್ನೂರು ವಾಪಸು ಕೊಟ್ಟೆ, ತಗೊಳ್ಳಲಿಲ್ಲ.